ಬೀಸುವ ಕಲ್ಲೂ ಹುಳಿಯ ಗಡಿಗೆಯೂ

ರಾಯಚೂರಿನ ಚರಿತ್ರೆಯೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಕೋಟೆ. 1294ರಲ್ಲಿ ಕಾಕತೀಯರ ಕಡೆಯ ಗೋರೆ ಗಂಗಯ್ಯ ರೆಡ್ಡಿ ಕಟ್ಟಿಸಿದ ಒಳಗೋಟೆ, ಅದರ ಗೋಡೆಯಲ್ಲಿ ಕೂಡಿಸಿರುವ 40 ಅಡಿಗೂ ಮಿಕ್ಕಿದ ಶಾಸನದ ಬಂಡೆ, ಆ ಬಂಡೆಯನ್ನು ಬಂಡಿಯ ಮೇಲೆ ಎಳೆದು ತಂದ ಬಗೆಯನ್ನು ತೋರಿಸುವ ಕೊರೆದ ಚಿತ್ರ, 1520ರಲ್ಲಿ ಕೃಷ್ಣದೇವರಾಯನಿಗೂ ಇಸ್ಮಾಯಿಲ್ ಆದಿಲ್‌ಶಾಹನಿಗೂ ನಡೆದ ಘೋರವಾದ ಯುದ್ಧ, ಇವುಗಳನ್ನು ಕುರಿತು ಪಂಡಿತರು ಬೇಕಾದಷ್ಟು ಬರೆದಿದ್ದಾರೆ. ಆದರೆ ಆ ಬಂಡೆಯನ್ನು ಎಳೆದವರು ಆ ದಿನ ಏನನ್ನು ಉಂಡರು, ಅವರ ಬುತ್ತಿಯ ಹಿಟ್ಟನ್ನು ಬೀಸಿದವರು ಯಾರು ಎಂದು ಕೇಳುವ ರೂಢಿ ನಮ್ಮಲ್ಲಿ ಕಡಿಮೆ. ಈ ಲೇಖನದಲ್ಲಿ ನಾನು ಕೇಳಹೊರಟಿರುವುದು ಅದನ್ನೇ.

ಇದಕ್ಕೊಂದು ನಿಮಿತ್ತವೂ ಉಂಟು. 2020ರ ಕೊರೋನಾ ಕಾಲದಲ್ಲಿ ಜನರೆಲ್ಲ ಮನೆಯೊಳಗೆ ಕೂತಾಗ ಲೋಕದ ನಾನಾ ಕಡೆ ಒಂದು ಹೊಸ ಆಸಕ್ತಿ ಹಬ್ಬಿತು. ಅಂಗಡಿಯ ಬ್ರೆಡ್ಡನ್ನು ಬಿಟ್ಟು, ಹಿಟ್ಟು ನೀರುಗಳನ್ನಷ್ಟೇ ಕಲಸಿ ಕೆಲವು ದಿನ ಹುಳಿಯಲು ಇಟ್ಟು, ಆ ಹುಳಿಯನ್ನೇ ಹೆಪ್ಪಾಗಿ ಬಳಸಿ ಮನೆಮಂದಿಗೆ ಮನೆಯಲ್ಲೇ ರೊಟ್ಟಿ ಸುಡುವುದು. ಸಾಧ್ಯವಾದರೆ ಕಾಳನ್ನೂ ಆಗಿಂದಾಗ್ಗೆ ಬೀಸಿಕೊಂಡು ತಾಜಾ ಹಿಟ್ಟನ್ನೇ ಉಪಯೋಗಿಸುವುದು. ನಮ್ಮ ದೊಡ್ಡ ಊರುಗಳಲ್ಲಿಯೂ, ಪರದೇಶದಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿಯೂ ಇದನ್ನು ಮಾಡುವವರಿದ್ದಾರೆ. ಅವರ ಶ್ರದ್ಧೆ ಮೆಚ್ಚತಕ್ಕದ್ದು. ಆದರೆ ಇದು ಪೂರ್ತಿಯಾಗಿ ಹೊರಗಿನಿಂದ ಬಂದ ವಿದ್ಯೆ, ನಮ್ಮ ಹಿರಿಯರಿಗೆ ಇದರ ಗಂಧವಿರಲಿಲ್ಲ ಎಂದು ಕೆಲವರು ಮಾತನಾಡುವಾಗ ನನಗೆ ರಾಯಚೂರು, ದೇವದುರ್ಗ, ಮಾನ್ವಿ ಸೀಮೆಯ ಅಡಿಗೆಮನೆ ನೆನಪಿಗೆ ಬರುತ್ತದೆ. ಆ ವಿದ್ಯೆಯ ಎರಡು ಅಂಗಗಳೂ, ಅಂದರೆ ಅಂದಂದಿನ ಹಿಟ್ಟು ಮತ್ತು ಕಾಪಾಡಿಕೊಂಡು ಬಂದ ಹುಳಿ, ಈ ಸೀಮೆಯಲ್ಲಿ ಬಹು ಹಿಂದಿನಿಂದ ಇದ್ದವು. ಇವೆರಡೂ ಒಂದೇ ರೊಟ್ಟಿಯಲ್ಲಿ ಏಕೆ ಕೂಡಲಿಲ್ಲ ಎಂಬುದೇ ವಿಚಾರ ಮಾಡಬೇಕಾದ ಪ್ರಶ್ನೆ.

ಮೊದಲು ಕಲ್ಲಿನ ಮಾತು. ಕೃಷ್ಣಾ ತುಂಗಭದ್ರೆಗಳ ನಡುವಣ ಈ ದೋಆಬದಲ್ಲಿ ಕಾಳನ್ನು ಅರೆಯುವ ಕಲ್ಲು ಕೋಟೆಗಿಂತ ಮೂರು ಸಾವಿರ ವರ್ಷಗಳಷ್ಟಾದರೂ ಹಳೆಯದು. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ ಆಲ್ಚಿನ್ ಎಂಬ ವಿದ್ವಾಂಸರು ಅಗೆದು ನೋಡಿ 1960ರಲ್ಲಿ ವರದಿಯನ್ನು ಪ್ರಕಟಿಸಿದರು. ಅಶೋಕನ ಹೆಸರನ್ನೇ ಹೇಳುವ ಶಾಸನ 1915ರಲ್ಲಿ ದೊರೆತ ಮಸ್ಕಿಯಲ್ಲಿ 1954ರಲ್ಲಿ ಉತ್ಖನನ ನಡೆಯಿತು. ಇಂಥ ನವಶಿಲಾಯುಗದ ನೆಲೆಗಳಲ್ಲಿ ನಯಗೊಳಿಸಿದ ಕೊಡಲಿ, ದನದ ಎಲುಬು, ಬೂದಿಯ ದಿಬ್ಬಗಳ ಜೊತೆಗೆ ತಗ್ಗುಬಿದ್ದ ಅರೆಯುವ ಕಲ್ಲುಗಳೂ ಸಿಗುತ್ತವೆ. ಜೀನಿನಂತೆ ನಡುವೆ ಬಾಗಿದ ಒಂದು ಬಂಡೆ, ಅದರ ಮೇಲೆ ಹಿಂದೆ ಮುಂದೆ ಉಜ್ಜುವ ಒಂದು ಗುಂಡು. ಮೊಣಕಾಲೂರಿ ಕೂತು ಅರೆಯಬೇಕಾದ ಕಲ್ಲು ಅದು. ಒಂದರ ಮೇಲೊಂದು ತಿರುಗುವ ಜೋಡಿಕಲ್ಲು, ಅಂದರೆ ನಾವು ಬೀಸುವ ಕಲ್ಲು ಎನ್ನುವುದು, ಬಂದದ್ದು ಬಹಳ ಶತಮಾನಗಳಾದ ಮೇಲೆ.

ಆ ಮೊದಲಿನ ಕಲ್ಲಿನ ಮೇಲೆ ಅರೆದದ್ದು ಜೋಳವಲ್ಲ ಎಂದರೆ ವಾಚಕರಿಗೆ ಆಶ್ಚರ್ಯವಾದೀತು. ದಕ್ಷಿಣದ ನವಶಿಲಾಯುಗದ ನೆಲೆಗಳಲ್ಲಿ ಸುಟ್ಟು ಕರಿಕಾಗಿ ಉಳಿದ ಕಾಳುಗಳನ್ನು ಪರೀಕ್ಷಿಸಿದ ಸಸ್ಯಶಾಸ್ತ್ರಜ್ಞರು ಕೊರಲೆಯಂಥ ಕಿರುಧಾನ್ಯಗಳನ್ನೂ, ಹುರುಳಿ ಹೆಸರುಗಳನ್ನೂ ಮುಖ್ಯವಾಗಿ ಗುರುತಿಸಿದ್ದಾರೆ. ಕೆಲವೆಡೆ ಗೋದಿ ಜವೆಗಳೂ ಉಂಟು. ಜೋಳದ ತವರುಮನೆ ಆಫ್ರಿಕ ಖಂಡ. ಈಗಿನ ಸೂಡಾನ್ ದೇಶದ ಪೂರ್ವಭಾಗದಲ್ಲಿ ಸುಮಾರು 5000 ವರ್ಷಗಳ ಹಿಂದೆ ಜನ ಅದನ್ನು ಬೆಳೆಯಲು ತೊಡಗಿದ್ದರೆಂಬುದಕ್ಕೆ ಕುರುಹುಗಳು ದೊರೆತಿವೆ. ಅಲ್ಲಿಂದ ಅದು ಕಡಲು ದಾಟಿ ಭಾರತಕ್ಕೆ ಬಂತು. ಬಂದ ಮೇಲೆ ನಮ್ಮ ಎರೆಭೂಮಿಗೆ ಅದು ಹೊಂದಿಕೊಂಡ ರೀತಿ ಮಾತ್ರ ಅಸಾಧಾರಣ. ಹಿಂಗಾರಿನ ಹದಕ್ಕೆ ಬಿತ್ತಿದರೆ ಮಣ್ಣು ಹಿಡಿದಿಟ್ಟ ತೇವವನ್ನೂ ಚಳಿಗಾಲದ ಇಬ್ಬನಿಯನ್ನೂ ನೆಚ್ಚಿಕೊಂಡೇ ಬೆಳೆದು ನಿಲ್ಲುವ ಪೈರು ಅದು. ಕಾಳು ಮನೆಯವರಿಗೆ, ಕಣಿಕೆ ದನಕ್ಕೆ.

ಹತ್ತನೆಯ ಶತಮಾನದ ಹೊತ್ತಿಗೆ ಜೋಳ ಕನ್ನಡಿಗರ ಹೊಟ್ಟೆಯನ್ನಷ್ಟೇ ಅಲ್ಲ, ಮಾತನ್ನೂ ಹೊಕ್ಕಿತ್ತು. ಒಡೆಯನ ಅನ್ನ ಉಂಡವನು ಅವನಿಗಾಗಿ ಪ್ರಾಣ ಕೊಡಬೇಕೆಂಬ ಧರ್ಮಕ್ಕೆ ನಮ್ಮ ಕವಿಗಳೂ ಶಾಸನಕಾರರೂ ಇಟ್ಟ ಹೆಸರು ‘ಜೋಳವಾಳಿ’. 941ರ ಸುಮಾರಿಗೆ ಪಂಪ ತನ್ನ ಭಾರತವನ್ನು ಬರೆದಾಗ ಕರ್ಣನಂಥ ವೀರನ ನಿಷ್ಠೆಯನ್ನು ಅಳೆಯಲು ಈ ಭಾವನೆಯೇ ಅವನ ಕೈಯಳತೆಯಾಗಿತ್ತು. ಉತ್ತರದಲ್ಲಿ ಸ್ವಾಮಿನಿಷ್ಠೆ ಉಪ್ಪಿನ ಋಣವಾದರೆ ಇಲ್ಲಿ ಅದು ಜೋಳದ ಋಣ. ಊಟದ ಧಾನ್ಯವೊಂದು ನೀತಿಯ ಮಾತಾಗಬೇಕಾದರೆ ಅದು ಎಷ್ಟು ತಲೆಮಾರು ಬಡವ ಬಲ್ಲಿದರನ್ನು ಸಾಕಿರಬೇಕೆಂಬುದನ್ನು ಊಹಿಸಬಹುದು.

ಇನ್ನು ಹಿಟ್ಟಿನ ಮಾತು. ಈ ಸೀಮೆಯಲ್ಲಿ ಕಾಳನ್ನು ವರ್ಷಗಟ್ಟಲೆ ಇಡುತ್ತಿದ್ದರು. ಹಿಟ್ಟನ್ನು ಮಾತ್ರ ಇಡುತ್ತಿರಲಿಲ್ಲ. ಕಾಳಿಗೆ ಹಗೇವು ಇತ್ತು. ನೆಲದಲ್ಲಿ ಕೊರೆದ ಆಳವಾದ ಗುಂಡಿಗೆ ಒಳಗೆಲ್ಲ ಕಣಿಕೆ, ಹೊಟ್ಟುಗಳನ್ನು ಒತ್ತಿ ಜೋಳ ತುಂಬಿ ಬಾಯಿಗೆ ಮಣ್ಣು ಮೆತ್ತಿದರೆ ಗಾಳಿಯಾಡದೆ ಹುಳ ಸಾಯುತ್ತಿತ್ತು. ಬರಗಾಲ ಈ ನಾಡಿಗೆ ಅಪರೂಪದ ಅತಿಥಿಯಾಗಿರಲಿಲ್ಲ. 1876ರಿಂದ 1878ರವರೆಗಿನ ಮಹಾಕ್ಷಾಮ ಬಳ್ಳಾರಿ ರಾಯಚೂರುಗಳನ್ನು ಹಣ್ಣುಗಾಯಿ ಮಾಡಿತು. ಅಂಥ ಕಾಲದಲ್ಲಿ ಹಗೇವಿನ ಬಾಯಿ ತೆಗೆಯುವುದೆಂದರೆ ಮನೆತನ ಉಳಿಯುವುದೋ ಅಳಿಯುವುದೋ ಎಂಬ ಪ್ರಶ್ನೆ.

ಕಾಳನ್ನು ಇಟ್ಟು ಹಿಟ್ಟನ್ನು ಏಕೆ ಇಡಲಿಲ್ಲ? ಇದಕ್ಕೆ ಮಡಿವಂತಿಕೆಯಾಗಲಿ ಶಾಸ್ತ್ರವಾಗಲಿ ಕಾರಣವಲ್ಲ. ಜೋಳದ ಕಾಳಿನ ಮೊಳಕೆಯ ಭಾಗದಲ್ಲಿ ಎಣ್ಣೆಯ ಅಂಶವಿದೆ. ಕಾಳು ಇಡಿಯಾಗಿರುವ ತನಕ ಅದು ಕೆಡುವುದಿಲ್ಲ. ಬೀಸಿದೊಡನೆ ಆ ಎಣ್ಣೆ ಹಿಟ್ಟಿಗೆಲ್ಲ ಹರಡಿ ಗಾಳಿ ತಾಕಿ ಕೆಲವು ದಿನಗಳಲ್ಲೇ ಕಮಟು ಹಿಡಿಯುತ್ತದೆ, ಹಿಟ್ಟು ಕಹಿಯಾಗುತ್ತದೆ. ಅದಕ್ಕಿಂತ ಮೊದಲೇ ಹಿಟ್ಟಿನ ಜಿಗಿ ಹೋಗುತ್ತದೆ. ಜಿಗಿ ಹೋದ ಹಿಟ್ಟಿನಿಂದ ರೊಟ್ಟಿ ಬಡಿಯಲು ಕೂತ ಹೆಣ್ಣುಮಗಳಿಗೆ ಅದರ ಕಷ್ಟ ಗೊತ್ತು. ಅಂಚು ಸೀಳುತ್ತದೆ, ಕೈಯಿಂದ ಹಂಚಿಗೆ ಹಾಕುವಾಗ ಹರಿಯುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ 19ನೆಯ ಶತಮಾನದ ಉತ್ತರಾರ್ಧದಲ್ಲಿ ಉಕ್ಕಿನ ಉರುಳೆಗಳ ಗಿರಣಿ ಬಂದು ಗೋದಿಯ ತೌಡನ್ನೂ ಮೊಳಕೆಯನ್ನೂ ಬೇರ್ಪಡಿಸಿ ತಿಂಗಳುಗಟ್ಟಲೆ ಕೆಡದ ಬಿಳಿಯ ಹಿಟ್ಟನ್ನು ಕೊಟ್ಟಿತು. ಈಗ ಅಲ್ಲಿಯ ಜನ ಮತ್ತೆ ತಾಜಾ ಹಿಟ್ಟಿನ ಗುಣವನ್ನು ಹೊಗಳುತ್ತಿರುವುದು ಆ ಬಿಳಿಯ ಹಿಟ್ಟಿನಿಂದ ಬೇಸತ್ತು. ನಮ್ಮ ಸೀಮೆಯಲ್ಲಿ ಜೋಳವೇ ಆ ಪಾಠವನ್ನು ದಿನದಿನವೂ ಹೇಳಿಕೊಟ್ಟಿತ್ತು.

ರೊಟ್ಟಿ ಮಾಡುವ ಕ್ರಮವನ್ನೂ ಗಮನಿಸಬೇಕು. ಗೋದಿಯ ಹಿಟ್ಟಿನಲ್ಲಿ ಗ್ಲುಟೆನ್ ಎಂಬ ಅಂಟು ಸಾರವಿದೆ. ತಣ್ಣೀರಿನಲ್ಲಿ ನಾದಿದರೂ ಅದು ರಬ್ಬರಿನಂತೆ ಹಿಗ್ಗುತ್ತದೆ. ಹುಳಿಯಿಂದ ಹುಟ್ಟುವ ವಾಯುವನ್ನು ಸಾವಿರ ಸಣ್ಣ ಗುಳ್ಳೆಗಳಾಗಿ ಹಿಡಿದಿಟ್ಟುಕೊಳ್ಳುತ್ತದೆ. ಜೋಳದಲ್ಲಿ ಈ ಸಾರವಿಲ್ಲ. ಆದ್ದರಿಂದಲೇ ನಮ್ಮವರು ಎಸರನ್ನು ಕಂಡುಕೊಂಡರು. ಕುದಿಯುವ ನೀರನ್ನು ಹಿಟ್ಟಿನ ನಡುವೆ ಹೊಯ್ದಾಗ ಅದರ ಪಿಷ್ಟ ಅರೆಬೆಂದು ಜಿಗುಟಾಗುತ್ತದೆ, ಆ ಜಿಗುಟೇ ಗ್ಲುಟೆನ್ನಿನ ಕೆಲಸ ಮಾಡುತ್ತದೆ. ಚೆನ್ನಾಗಿ ಮಿದ್ದು, ಬಡಿದು, ಹಂಚಿನ ಮೇಲೆ ಹಾಕಿ, ಮೇಲೆ ನೀರು ಸವರಿ, ತಿರುವಿ ಹಾಕಿದರೆ ರೊಟ್ಟಿ ಪುರಿಯಂತೆ ಉಬ್ಬುತ್ತದೆ. ಆ ಉಬ್ಬು ಹುಳಿಯದಲ್ಲ, ಆವಿಯದು. ಒಂದು ರಾತ್ರಿಯ ಹುಳಿ ಮಾಡುವ ಕೆಲಸವನ್ನು ಇಲ್ಲಿ ಒಂದು ಗಳಿಗೆಯ ಆವಿ ಮಾಡುತ್ತದೆ. ಎಳ್ಳಿನ ಬೆಳೆಯುಳ್ಳ, ಕಟ್ಟಿಗೆ ಕಡಿಮೆಯಿರುವ ಈ ಬಯಲುಸೀಮೆಯಲ್ಲಿ ಗಂಟೆಗಟ್ಟಲೆ ಒಲೆ ಕಾಯಿಸಿ ದಪ್ಪ ರೊಟ್ಟಿ ಬೇಯಿಸುವುದು ಬಡವರಿಗೆ ಆಗದ ಮಾತು. ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಕುಳ್ಳುಗಳ ಉರಿಯಲ್ಲಿ ಕ್ಷಣದಲ್ಲಿ ಬೇಯುವ ತೆಳುರೊಟ್ಟಿಯೇ ಸರಿ.

ಹುಳಿ ಹಾಕಿ ಉಬ್ಬಿಸಿದ ಗೋದಿಯ ರೊಟ್ಟಿ ಈ ಸೀಮೆಗೆ ಬಂದದ್ದು ಬೇರೆ ಬಾಗಿಲಿನಿಂದ. ಗೋದಿಯ ಅಡಿಗೆ ಕನ್ನಡಿಗರಿಗೆ ಹೊಸತಾಗಿರಲಿಲ್ಲ. ಚಾಲುಕ್ಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮಂಡಿಗೆಯುಂಟು, 1508ರ ಸುಮಾರಿಗೆ ಮೂರನೆಯ ಮಂಗರಸ ರಚಿಸಿದ ‘ಸೂಪಶಾಸ್ತ್ರ’ ಹಿಟ್ಟಿನ ಅಡಿಗೆಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದೆ. ಆದರೆ ಅದು ಅರಮನೆಯ, ಹಬ್ಬದ ಅಡಿಗೆ. ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರವನ್ನು ಕಂಡ ಪೋರ್ತುಗೀಜ ಪ್ರವಾಸಿ ಡೊಮಿಂಗೋ ಪಾಯೆಸ್, ಪೇಟೆಯಲ್ಲಿ ಎಲ್ಲ ಧಾನ್ಯಗಳೂ ಅಗ್ಗವಾಗಿ ದೊರೆಯುತ್ತವೆಂದೂ, ಗೋದಿ ಮಾತ್ರ ಅಷ್ಟು ಸಾಮಾನ್ಯವಲ್ಲವೆಂದೂ, ಮುಸಲ್ಮಾನರ ಹೊರತು ಬೇರೆಯವರು ಅದನ್ನು ತಿನ್ನುವುದಿಲ್ಲವೆಂದೂ ಹೇಳುತ್ತಾನೆ. ಅವನ ಮಾತಿನಲ್ಲಿ ಸ್ವಲ್ಪ ಅತಿಶಯವಿದ್ದರೂ ಗೋದಿ ಜನಸಾಮಾನ್ಯರ ಧಾನ್ಯವಾಗಿರಲಿಲ್ಲ ಎಂಬುದಷ್ಟು ನಿಜ.

ಬಹಮನಿ, ಆದಿಲ್‌ಶಾಹಿ, ಅನಂತರ ನಿಜಾಮರ ಆಳಿಕೆಯಲ್ಲಿ ರಾಯಚೂರಿನಂಥ ಠಾಣ್ಯದ ಊರುಗಳಿಗೆ ತಂದೂರು, ನಾನು, ಕುಲ್ಚಾಗಳು ಬಂದವು. ಅವುಗಳ ಜೊತೆಗೆ ಬಂದ ಮಾತು ‘ಖಮೀರು’. ಅರಬ್ಬಿ ಮೂಲದ ಈ ಶಬ್ದ ನಮ್ಮ ಹೆಪ್ಪಿಗೆ ಸಮಾನವಾದದ್ದು. ಹಿಂದಿನ ದಿನದ ಹುಳಿಹಿಟ್ಟನ್ನು ಸ್ವಲ್ಪ ಉಳಿಸಿಕೊಂಡು ಮರುದಿನದ ಹಿಟ್ಟಿಗೆ ಕೂಡಿಸುವುದೇ ಅದರ ಮರ್ಮ. ಆಸಫ್‌ಜಾಹಿ ಮನೆತನದ ಬಾವುಟದ ನಡುವಣ ದುಂಡು ಗುರುತು ಕುಲ್ಚಾ ರೊಟ್ಟಿಯೇ ಎಂದೂ, ಮೊದಲ ನಿಜಾಮನಿಗೆ ಒಬ್ಬ ಸಂತ ಏಳು ಕುಲ್ಚಾಗಳನ್ನು ಉಣಬಡಿಸಿ ಏಳು ತಲೆಯ ರಾಜ್ಯವನ್ನು ಹರಸಿದನೆಂದೂ ಹೈದರಾಬಾದಿನಲ್ಲಿ ಐತಿಹ್ಯವಿದೆ. ನಮ್ಮಲ್ಲಿ ಜೋಳ ಋಣದ ಹೆಸರಾದರೆ ಅಲ್ಲಿ ಹುಳಿರೊಟ್ಟಿ ರಾಜ್ಯದ ಗುರುತಾಯಿತು.

ಪಶ್ಚಿಮದಿಂದ ಬಂದ ಇನ್ನೊಂದು ಧಾರೆಯುಂಟು. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ತುಗೀಜರು ತಮ್ಮ ‘ಪಾವ್’ ರೊಟ್ಟಿಯನ್ನು ತಂದರು. ಇಲ್ಲಿ ಅದನ್ನು ಉಬ್ಬಿಸಲು ತೆಂಗಿನ ಹೆಂಡವನ್ನು ಬಳಸಿದರು. ಮುಂದೆ 1871ರಲ್ಲಿ ಮುಂಬಯಿ ಕಡೆಯಿಂದ ಬಂದ ರೈಲುದಾರಿಯೂ ಮದರಾಸಿನ ರೈಲುದಾರಿಯೂ ಕೂಡಿದ್ದು ರಾಯಚೂರಿನಲ್ಲಿಯೇ. ಎರಡು ಕಂಪನಿಗಳ ರೈಲು ಸೇರುವ ಜಂಕ್ಷನ್ನಿನಲ್ಲಿ ಪ್ರಯಾಣಿಕರ ಬ್ರೆಡ್ಡು, ಬಿಸ್ಕತ್ತುಗಳಿಗೆ ಗಿರಾಕಿ ಹುಟ್ಟಿತು. ‘ಡಬಲ್ ರೊಟ್ಟಿ’ ಎಂಬ ಮಾತು ಊರಿನ ಬಾಯಲ್ಲಿ ನೆಲೆಸಿತು. ಆದರೆ ಅದು ರೋಗಿಯ ಪಥ್ಯಕ್ಕೆ, ಚಹದ ಅಂಗಡಿಗೆ ಸೀಮಿತವಾಗಿ ಉಳಿಯಿತು. ಹೆಂಡ ತಾಕಿದ್ದು, ಯಾರ ಕೈಯದೋ ಏನೋ ಎಂಬ ಶಂಕೆಯಿಂದ ಮಡಿಯ ಮನೆಗಳು ಅದನ್ನು ಹೊಸ್ತಿಲೊಳಗೆ ತರಲಿಲ್ಲ. ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ಎಚ್. ಎಸ್. ತಿರುಮಲಾಚಾರ್ಯರು ಬ್ರಾಹ್ಮಣರ ಬೇಕರಿಯೆಂದೇ ಹೆಸರಿಟ್ಟು ಅಂಗಡಿ ತೆರೆಯಬೇಕಾಯಿತೆಂದರೆ ಆ ಶಂಕೆಯ ಬಲ ಎಷ್ಟೆಂಬುದು ತಿಳಿಯುತ್ತದೆ.

ಹಾಗಾದರೆ ಜೋಳದ ಸೀಮೆಗೆ ಹುಳಿ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅದು ರೊಟ್ಟಿಯಲ್ಲಿರಲಿಲ್ಲ, ಗಡಿಗೆಯಲ್ಲಿತ್ತು. ಜೋಳದ ಹಿಟ್ಟನ್ನೋ ನುಚ್ಚನ್ನೋ ಸಂಜೆ ನೀರಿನಲ್ಲಿ ಕದಡಿ ಮಣ್ಣಿನ ಗಡಿಗೆಯಲ್ಲಿಟ್ಟರೆ ಬೆಳಗಾಗುವುದರೊಳಗೆ ಹುಳಿಯುತ್ತದೆ. ಅದನ್ನು ಕಾಯಿಸಿ, ಉಪ್ಪು ಮಜ್ಜಿಗೆ ಬೆರಸಿ ಕುಡಿಯುವುದೇ ಹುಳಿಯಂಬಲಿ. ಬೇಸಗೆಯಲ್ಲಿ ಹೊಲಕ್ಕೆ ಹೋಗುವವನಿಗೆ ಅದಕ್ಕಿಂತ ತಂಪಾದದ್ದು ಬೇರೆಯಿಲ್ಲ. ಮಣ್ಣಿನ ಗಡಿಗೆಯ ಸಣ್ಣ ರಂಧ್ರಗಳಲ್ಲಿ ನಿನ್ನೆಯ ಹುಳಿಯ ಅಂಶ ಉಳಿದಿರುತ್ತದೆ; ನಾಳಿನ ಹಿಟ್ಟಿಗೆ ಅದೇ ಹೆಪ್ಪು. ಹೊಸ ಗಡಿಗೆಯಲ್ಲಿ ಅಂಬಲಿ ಬೇಗ ಹುಳಿಯದು ಎಂಬುದನ್ನು ಸೂಕ್ಷ್ಮದರ್ಶಕವಿಲ್ಲದೆಯೇ ನಮ್ಮ ಮುದುಕಿಯರು ತಿಳಿದಿದ್ದರು. ಹಾಲು ಹುಳಿಯುವುದಕ್ಕೆ ಕಣ್ಣಿಗೆ ಕಾಣದ ಜೀವಿಗಳು ಕಾರಣವೆಂದು ಲೂಯಿ ಪಾಶ್ಚರ್ ಜಗತ್ತಿಗೆ ಹೇಳಿದ್ದು 1857ರಲ್ಲಿ. ಇಡ್ಲಿಯ ಹಿಟ್ಟು ಉಬ್ಬುವುದು ಮುಖ್ಯವಾಗಿ ಲ್ಯೂಕೊನೋಸ್ಟಾಕ್ ಎಂಬ ಬ್ಯಾಕ್ಟೀರಿಯಾದಿಂದ, ಯೀಸ್ಟಿನಿಂದಲ್ಲ ಎಂದು ಸಂಶೋಧಕರು ಪ್ರಕಟಿಸಿದ್ದು 1965ರಲ್ಲಿ. ಇಡ್ಡಲಿಗೆಯ ಹೆಸರಾದರೋ ‘ವಡ್ಡಾರಾಧನೆ’ಯಷ್ಟು ಹಿಂದಿನದು, ಮಜ್ಜಿಗೆಯಲ್ಲಿ ಉದ್ದು ನೆನೆಯಿಡುವ, ಮೊಸರಿನ ತಿಳಿಯಿಂದ ಹಿಟ್ಟು ಕಲಸುವ ಕ್ರಮ 1025ರ ಸುಮಾರಿನ ಚಾವುಂಡರಾಯನ ‘ಲೋಕೋಪಕಾರ’ದಲ್ಲಿದೆ.

ಅಂಬಲಿ ಬಡವರ ಉಣಿಸು. ಆದ್ದರಿಂದಲೇ ನಮ್ಮ ಶರಣರು ಅದನ್ನು ಎತ್ತಿ ಹಿಡಿದರು. ಚೋಳರಾಜನ ಮೃಷ್ಟಾನ್ನವನ್ನು ಬಿಟ್ಟು ಶಿವನು ಮಾದಾರ ಚೆನ್ನಯ್ಯನ ಅಂಬಲಿಯನ್ನು ಸವಿದನೆಂಬ ಕಥೆ ಶರಣ ಪರಂಪರೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಜಾತಿಯ ಮಡಿಗೆ ಕೊಟ್ಟ ಪೆಟ್ಟು ಅದು ಎಂಬುದನ್ನು ಎಲ್ಲರೂ ಹೇಳುತ್ತಾರೆ. ಹುಳಿದ ಹಿಟ್ಟಿನ ಗಡಿಗೆಗೆ ಕನ್ನಡದಲ್ಲಿ ಸಿಕ್ಕ ದೊಡ್ಡ ಗೌರವವೂ ಅದೇ.

ಇಲ್ಲಿ ಜೋಳದ ತವರನ್ನು ಮತ್ತೊಮ್ಮೆ ನೋಡುವುದು ಉಪಯುಕ್ತ. ಸೂಡಾನಿನ ಜನ ಇಂದಿಗೂ ಜೋಳದ ಹಿಟ್ಟನ್ನು ಹಿಂದಿನ ಹುಳಿಯಿಂದ ಹುಳಿಸಿ, ಕಾದ ಹಂಚಿನ ಮೇಲೆ ತೆಳ್ಳಗೆ ಹರಡಿ ‘ಕಿಸ್ರಾ’ ಎಂಬ ರೊಟ್ಟಿ ಮಾಡುತ್ತಾರೆ. ನೆರೆಯ ಇಥಿಯೋಪಿಯದ ‘ಇಂಜೆರಾ’ ಮುಖ್ಯವಾಗಿ ಟೆಫ್ ಎಂಬ ಸಣ್ಣ ಕಾಳಿನದಾದರೂ ಜೋಳದಿಂದಲೂ ಅದನ್ನು ಮಾಡುವುದುಂಟು. ಜೋಳದಲ್ಲಿ ಗ್ಲುಟೆನ್ ಇಲ್ಲವೆಂಬ ತೊಡಕನ್ನು ಅವರು ಹಿಟ್ಟನ್ನು ತೆಳುವಾಗಿ ಕಲಸಿ ನಿವಾರಿಸಿಕೊಂಡರು. ನಮ್ಮವರು ಕುದಿನೀರಿನ ಎಸರಿನಿಂದ ನಿವಾರಿಸಿಕೊಂಡರು. ಅಲ್ಲಿ ಕಲ್ಲು ಮತ್ತು ಹುಳಿ ಒಂದೇ ರೊಟ್ಟಿಯಲ್ಲಿ ಕೂಡಿದವು. ಇಲ್ಲಿ ಕಲ್ಲಿನ ಹಿಟ್ಟು ಎರಡು ದಾರಿ ಹಿಡಿಯಿತು: ಸಿಹಿಹಿಟ್ಟು ಹಂಚಿಗೆ, ಹುಳಿಹಿಟ್ಟು ಗಡಿಗೆಗೆ. ನಾನು ಮೊದಲಲ್ಲಿ ಕೇಳಿದ ಪ್ರಶ್ನೆಗೆ ನನಗೆ ತೋರುವ ಉತ್ತರ ಇದು. ವಿದ್ಯೆಯ ಕೊರತೆಯಿಂದ ಅವು ಬೇರೆಯಾದದ್ದಲ್ಲ. ರೊಟ್ಟಿಗೆ ಬೇಕಾದ ಜಿಗಿ, ಅಂಬಲಿಗೆ ಬೇಕಾದ ಹುಳಿ ಎರಡನ್ನೂ ಬಲ್ಲವರು ಒಂದೊಂದಕ್ಕೂ ಅದರದರ ಪಾತ್ರೆಯನ್ನು ಗೊತ್ತುಮಾಡಿದರು.

ಈ ಸೀಮೆಯ ಭಕ್ತಿಯೂ ರೊಟ್ಟಿಯನ್ನು ಬಿಟ್ಟು ಬೆಳೆಯಲಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಹರಿದಾಸ ಸಾಹಿತ್ಯ ಮತ್ತೆ ಚಿಗುರಿದ್ದು ಇದೇ ಎರೆನೆಲದಲ್ಲಿ. ವಿಜಯದಾಸರ ಊರು ಮಾನ್ವಿ ಸೀಮೆಯ ಚೀಕಲಪರವಿ. ಅವರ ಶಿಷ್ಯ ಗೋಪಾಲದಾಸರದು ದೇವದುರ್ಗದ ಕಡೆಯ ಮೊಸರಕಲ್ಲು. ಹೆಪ್ಪೂ ಕಲ್ಲೂ ಕೂಡಿದ ಇಂಥ ಹೆಸರು ನನ್ನ ವಿಷಯಕ್ಕೆ ತಾನಾಗಿ ಒದಗಿದೆ. ಮಾನ್ವಿಯಲ್ಲಿ ನೆಲೆಸಿ 1809ರಲ್ಲಿ ತೀರಿಕೊಂಡ ಜಗನ್ನಾಥದಾಸರು ಮೊದಲು ಶ್ರೀನಿವಾಸಾಚಾರ್ಯರೆಂಬ ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಹಾಡುವ ದಾಸರ ಪಂಕ್ತಿಯ ಊಟಕ್ಕೆ ಬರಲೊಲ್ಲದೆ ಹೊಟ್ಟೆನೋವಿನ ನೆಪ ಹೇಳಿದರೆಂದೂ, ಆ ನೆಪವೇ ನಿಜವಾದ ರೋಗವಾಗಿ ಕಾಡಿತೆಂದೂ, ಕಡೆಗೆ ಗೋಪಾಲದಾಸರು ಮಂತ್ರಿಸಿದ ಜೋಳದ ರೊಟ್ಟಿಯನ್ನು ಉಣಿಸಿ ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ಕೊಟ್ಟು ಉಳಿಸಿದರೆಂದೂ ಭಕ್ತರು ಹೇಳುತ್ತಾರೆ. ಐತಿಹ್ಯವನ್ನು ಐತಿಹ್ಯವೆಂದೇ ತೆಗೆದುಕೊಳ್ಳೋಣ. ಆದರೆ ಪಂಡಿತನ ಅಹಂಕಾರವನ್ನು ಕರಗಿಸುವ ಮದ್ದಾಗಿ ಕಥೆ ಆರಿಸಿಕೊಂಡದ್ದು ಪಾಯಸವನ್ನಲ್ಲ, ಮಂಡಿಗೆಯನ್ನಲ್ಲ. ಹೊಲದಾಳು ಉಣ್ಣುವ ರೊಟ್ಟಿಯನ್ನು. ಮುಂದೆ ಅದೇ ಜಗನ್ನಾಥದಾಸರು ಬರೆದ ‘ಹರಿಕಥಾಮೃತಸಾರ’ದಲ್ಲಿ ಊಟದ ಒಂದೊಂದು ರಸದಲ್ಲಿಯೂ ಭಗವಂತನನ್ನು ಕಾಣುವ ಭೋಜನದ ಸಂಧಿಯೊಂದು ಇರುವುದು ಕಾಕತಾಳೀಯವೆಂದು ನನಗೆ ತೋರುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಕಲ್ಲಿನ ಹಿಂದೆ ಕೂತಿದ್ದವರ ಮಾತನ್ನು ಹೇಳದಿದ್ದರೆ ಈ ಚರಿತ್ರೆ ಅನ್ಯಾಯದ ಚರಿತ್ರೆಯಾಗುತ್ತದೆ. ಅಂದಂದಿನ ಹಿಟ್ಟೆಂದರೆ ಅಂದಂದಿನ ದುಡಿಮೆ. ಕೋಳಿ ಕೂಗುವ ಮೊದಲೇ ಎದ್ದು, ಹತ್ತು ಹನ್ನೆರಡು ಜನರ ಮನೆಗೆ ಬೇಕಾದ ಜೋಳವನ್ನು ಬೀಸಿ ಮುಗಿಸಿ, ಆಮೇಲೆ ನೀರಿಗೆ, ಆಮೇಲೆ ಹೊಲಕ್ಕೆ. ಇದು ಸೊಸೆಯಾದವಳ ಪಾಲಿನ ದಿನಚರಿ. ಆ ನಸುಕಿನ ಏಕಾಂತದಲ್ಲಿ ಕಲ್ಲಿನ ಗೂಟ ಹಿಡಿದು ಅವರು ಕಟ್ಟಿದ ತ್ರಿಪದಿಗಳನ್ನು ಹಲಸಂಗಿಯ ಗೆಳೆಯರು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಎಂದು ಪ್ರಕಟಿಸಿದಾಗ ಕನ್ನಡದ ವಿದ್ವಾಂಸರು ಬೆರಗಾದರು. ಹಾಡು ಚೆಲುವಾಗಿದೆಯೆಂದು ಬೀಸುವಿಕೆ ಸುಖವಾಗಿತ್ತೆಂದು ತಿಳಿಯಬಾರದು. ಎಣ್ಣೆಯಿಂದ ಓಡುವ ಎಂಜಿನಿನ ಹಿಟ್ಟಿನ ಗಿರಣಿ ಊರೂರಿಗೆ ಬಂದಾಗ ಮೊದಲು ಸಂತೋಷಪಟ್ಟವರು ಹೆಣ್ಣುಮಕ್ಕಳೇ. ಗಿರಣಿಯ ಹಿಟ್ಟು ಬಿಸಿಯಾಗಿರುತ್ತದೆ, ಕಲ್ಲಿನ ಹಿಟ್ಟಿನ ರುಚಿ ಬಾರದು ಎಂದು ಗೊಣಗಿದವರು ಹೆಚ್ಚಾಗಿ ಬೀಸದೆ ಉಂಡವರು.

ಗಿರಣಿ ಕಲ್ಲನ್ನು ಮೂಲೆಗೆ ಸರಿಸಿದರೂ ತಾಜಾ ಹಿಟ್ಟಿನ ಪದ್ಧತಿಯನ್ನು ಕೆಡಿಸಲಿಲ್ಲವೆಂಬುದನ್ನು ಗಮನಿಸಬೇಕು. ವಾರಕ್ಕೊಮ್ಮೆ ಬುಟ್ಟಿಯಲ್ಲಿ ಜೋಳ ಹೊತ್ತು ಓಣಿಯ ಗಿರಣಿಗೆ ಹೋಗಿ ಎದುರಿಗೇ ಬೀಸಿಸಿಕೊಂಡು ಬರುವ ರೂಢಿ ನಮ್ಮ ಕಡೆ ಇನ್ನೂ ಉಳಿದಿದೆ. ಪದ್ಧತಿಗೆ ನಿಜವಾದ ಪೆಟ್ಟು ಬಿದ್ದದ್ದು ಕಲ್ಲಿಗಲ್ಲ, ಕಾಳಿಗೆ. 1953ರಲ್ಲಿ ತುಂಗಭದ್ರೆಯ ಅಣೆಕಟ್ಟಿನ ನೀರು ಕಾಲುವೆಗೆ ಹರಿಯಿತು. ಎಡದಂಡೆಯ ಕಾಲುವೆ ಗಂಗಾವತಿ, ಸಿಂಧನೂರು, ಮಾನ್ವಿ, ರಾಯಚೂರು ತಾಲ್ಲೂಕುಗಳಿಗಾಗಿ ತೋಡಿದ್ದು. ಅದನ್ನು ಯೋಜಿ‌ಸಿದವರ ಮನಸ್ಸಿನಲ್ಲಿ ಇದ್ದದ್ದು ಬರ ತಡೆಯುವ ನೀರಾವರಿ. ಸ್ವಲ್ಪ ಸ್ವಲ್ಪ ನೀರನ್ನು ಬಹು ವಿಶಾಲವಾದ ನೆಲಕ್ಕೆ ಹಂಚಿ, ಜೋಳ ಹತ್ತಿಗಳನ್ನೇ ಹೆಚ್ಚಾಗಿ ಕಾಪಾಡುವುದು. ನಡೆದದ್ದು ಬೇರೆ. ಆಂಧ್ರದ ಕರಾವಳಿಯಿಂದ ಬಂದು ಕ್ಯಾಂಪು ಹೂಡಿದ ರೈತರು ಭತ್ತದ ಬೇಸಾಯದಲ್ಲಿ ಪಳಗಿದವರು. ಅವರನ್ನು ನೋಡಿ ಊರವರೂ ಭತ್ತಕ್ಕೆ ಕೈ ಹಚ್ಚಿದರು. ಕಾಲುವೆಯ ಮೇಲ್ಭಾಗದವರು ಭತ್ತಕ್ಕೆ ನೀರು ನಿಲ್ಲಿಸಿಕೊಂಡರೆ ಕೊನೆಯ ಭಾಗದ ಮಾನ್ವಿ, ರಾಯಚೂರಿನ ಹೊಲಗಳಿಗೆ ನೀರು ತಲಪುವುದು ಕಷ್ಟವಾಯಿತು. ಕೊನೆಯ ಭಾಗದ ರೈತರು ನೀರಿಗಾಗಿ ರಸ್ತೆಗಿಳಿಯುವುದನ್ನು ನಾವು ಕಾಣುತ್ತಲೇ ಇದ್ದೇವೆ. ಆಮೇಲೆ ದೇವದುರ್ಗದ ಕಡೆಗೆ ಕೃಷ್ಣೆಯ ನಾರಾಯಣಪುರದ ಬಲದಂಡೆ ಕಾಲುವೆ ಬಂತು. ಇಂದು ರಾಯಚೂರೆಂದರೆ ಹೊರಗಿನವರು ಹೇಳುವುದು ಸೋನಾ ಮಸೂರಿ ಅಕ್ಕಿಯ ಹೆಸರನ್ನು. ಭತ್ತ ಹಣ ತಂದಿತು, ಹಲವರ ಹಸಿವನ್ನು ನೀಗಿತು. ಅದನ್ನು ಹಳಿಯುವುದು ಸರಿಯಲ್ಲ. ಆದರೆ ಜೋಳ ಸರಿದಾಗ ಅದರ ಜೊತೆಗೆ ಹಗೇವು ಹೋಯಿತು, ದನದ ಕಣಿಕೆ ಹೋಯಿತು, ಅಂಬಲಿಯ ಗಡಿಗೆಯೂ ಹೋಯಿತು.

ಜೋಳದ ಗುಣಗಾನದಲ್ಲಿ ಎಲ್ಲೆ ಮೀರುವವರಿಗೆ ಒಂದು ಎಚ್ಚರಿಕೆಯೂ ಚರಿತ್ರೆಯಲ್ಲಿದೆ. 1960ರಲ್ಲಿ ಹೈದರಾಬಾದಿನ ಪೌಷ್ಟಿಕಾಹಾರ ಸಂಶೋಧನಾಲಯದ ಗೋಪಾಲನ್ ಮತ್ತು ಶ್ರೀಕಂಠಯ್ಯನವರು ದಖ್ಖಣದ ಬಡ ಕೂಲಿಕಾರರಲ್ಲಿ ಕಂಡ ಪೆಲಾಗ್ರ ರೋಗವನ್ನು ಕುರಿತು ಬರೆದರು. ಚರ್ಮ ಕಪ್ಪಿಟ್ಟು ಸುಲಿಯುವ, ಬುದ್ಧಿ ಮಂಕಾಗುವ ಆ ರೋಗ ಬೇರೆ ದೇಶಗಳಲ್ಲಿ ಮೆಕ್ಕೆಜೋಳವನ್ನೇ ತಿಂದು ಬದುಕುವವರಿಗೆ ಬರುತ್ತಿತ್ತು. ಇಲ್ಲಿ ಜೋಳವೊಂದನ್ನೇ ಉಣ್ಣುವವರಿಗೆ ಬಂದಿತ್ತು. ಜೋಳದಲ್ಲಿ ಲ್ಯೂಸಿನ್ ಎಂಬ ಅಂಶ ಅತಿಯಾಗಿರುವುದೇ ಕಾರಣವೆಂದು ಅವರ ಅಭಿಪ್ರಾಯ. ಆ ಅಭಿಪ್ರಾಯದ ಮೇಲೆ ಮುಂದೆ ಬಹಳ ಚರ್ಚೆ ನಡೆಯಿತು. ಕಾರಣವೇನೇ ಇರಲಿ, ಒಂದೇ ಧಾನ್ಯವನ್ನು, ಬೇಳೆ ಮಜ್ಜಿಗೆಗಳಿಲ್ಲದೆ, ಬಡತನದಿಂದ ಉಣ್ಣುವವರ ಪಾಡು ಅದು. ರೊಟ್ಟಿಯ ಪಕ್ಕದಲ್ಲಿ ಕಾಳಿನ ಪಲ್ಯ, ಪುಂಡಿಪಲ್ಯ, ಶೇಂಗಾದ ಹಿಂಡಿ, ಮೊಸರು ಇದ್ದ ಮನೆಗೆ ಆ ರೋಗ ಬರುತ್ತಿರಲಿಲ್ಲ. ಹುಳಿಯ ಉಪಯೋಗವೂ ಇಲ್ಲಿಯೇ. ಧಾನ್ಯದ ಹೊಟ್ಟಿನಲ್ಲಿರುವ ಫೈಟೇಟ್ ಎಂಬ ವಸ್ತು ಕಬ್ಬಿಣ, ಸತುಗಳನ್ನು ದೇಹಕ್ಕೆ ದಕ್ಕಗೊಡುವುದಿಲ್ಲ. ಹಿಟ್ಟು ಹುಳಿತಾಗ ಅದು ಕಡಿಮೆಯಾಗುತ್ತದೆ. ರಕ್ತಹೀನತೆ ಹೆಚ್ಚಾಗಿರುವ ನಮ್ಮ ನಾಡಿನಲ್ಲಿ ಹುಳಿಯಂಬಲಿಯ ಗಡಿಗೆಯನ್ನು ಬಡತನದ ಗುರುತೆಂದು ನಾಚಿಕೊಂಡು ಹೊರಗೆಸೆದದ್ದು ಜಾಣತನವೆನಿಸದು.

ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತು. ಜೋಳಕ್ಕೆ ಸಭೆಗಳಲ್ಲಿ ಮರ್ಯಾದೆ ಬಂತು. ಒಣಗಿಸಿದ ಖಡಕ್ ರೊಟ್ಟಿಯ ಕಟ್ಟುಗಳನ್ನು ಮಾಡಿ ಮಾರುವ ಹೆಂಗಸರ ಸಂಘಗಳು ಈ ಭಾಗದಲ್ಲಿ ಹಲವು ಇವೆ. ಹಿಂದೆ ಹೆಣ್ಣಿನ ಲೆಕ್ಕವಿಲ್ಲದ ದುಡಿಮೆಯಾಗಿದ್ದದ್ದಕ್ಕೆ ಈಗ ಕೂಲಿಯೂ ಬೆಲೆಯೂ ಹುಟ್ಟಿದೆ. ಇದು ಒಳ್ಳೆಯ ಬೆಳವಣಿಗೆ. ನಾಗರಪಂಚಮಿಯ ಮುಂಚಿನ ರೊಟ್ಟಿಯ ಹಬ್ಬದಲ್ಲಿ ನೆರೆಹೊರೆಗೆ ರೊಟ್ಟಿ ಬೀರುವ, ಎಳ್ಳಮಾಸೆಯ ದಿನ ಹೊಲದಲ್ಲಿ ಚರಗ ಚೆಲ್ಲುವ ಸಂಪ್ರದಾಯಗಳು ಉಳಿದಿರುವ ತನಕ ಜೋಳ ಪೂರ್ತಿ ಮರೆಯಾಗುವ ಭಯವಿಲ್ಲ.

ಮನೆಯಲ್ಲಿ ಹುಳಿರೊಟ್ಟಿ ಸುಡಹೊರಟ ತರುಣ ತರುಣಿಯರಿಗೆ ನಾನು ಹೇಳುವುದಿಷ್ಟೆ. ಹೆಪ್ಪಿಗಾಗಿ ಪರದೇಶದ ಕಡೆ ನೋಡಬೇಕಾದ್ದಿಲ್ಲ. ದೋಸೆಯ ಹಿಟ್ಟು ಉಬ್ಬುವ ಮನೆಯಲ್ಲಿ ಅದು ಆಗಲೇ ಇದೆ. ಗೋದಿಯ ಉಬ್ಬುರೊಟ್ಟಿಯನ್ನು ಸಂತೋಷವಾಗಿ ಮಾಡಲಿ. ಜೋಳದ ಹಿಟ್ಟಿನಿಂದ ಅದನ್ನೇ ಮಾಡಹೋಗಿ ಅದು ಏಳಲಿಲ್ಲವೆಂದು ಜೋಳವನ್ನು ದೂರದಿರಲಿ. ಸೂಡಾನಿನವರಂತೆ ತೆಳುವಾಗಿ ಹುಳಿಸಿ ಹಂಚಿಗೆ ಹಾಕಿ ನೋಡಲಿ, ಇಲ್ಲವೆ ನಮ್ಮವರಂತೆ ಎಸರಿಟ್ಟು ಬಡಿಯಲಿ. ಹಿಟ್ಟನ್ನು ಒಂದು ವಾರಕ್ಕಾಗುವಷ್ಟೇ ಬೀಸಿಸಲಿ. ಒಂದು ಮಾತು ಮಾತ್ರ ಮರೆಯದಿರಲಿ: ಬೀಸುವ, ನಾದುವ, ಬಡಿಯುವ ಕೆಲಸವನ್ನು ಮನೆಮಂದಿಯೆಲ್ಲ ಹಂಚಿಕೊಳ್ಳಬೇಕು. ನಮ್ಮ ಹಿಂದಿನವರು ಕಾಳನ್ನು ಬಲ್ಲರು, ಕಲ್ಲನ್ನು ಬಲ್ಲರು, ಹುಳಿಯನ್ನೂ ಬಲ್ಲರು. ಈ ಹಂಚಿಕೆಯನ್ನು ಮಾತ್ರ ಅವರು ಕಲಿಯಲಿಲ್ಲ. ಅದನ್ನು ಕಲಿಯುವ ಸರದಿ ನಮ್ಮದು.